ಗಂಧದೆಣ್ಣೆಯ ಶೋಧನೆ

ಗಂಧದ ಕೊರಡನ್ನು ತೇಯ್ದಾಗ ಪರಿಮಳ ಹೊಮ್ಮುವುದನ್ನು ನಾವೆಲ್ಲರೂ ಬಲ್ಲೆವು. ಆದರೆ ಆ ಪರಿಮಳಕ್ಕೆ ಮೂಲವಾದ ಎಣ್ಣೆಯನ್ನು ಮರದಿಂದ ಬೇರ್ಪಡಿಸುವುದು ಸುಲಭವಲ್ಲ.

೧೯೧೪ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಅದುವರೆಗೆ ಮೈಸೂರು ಸಂಸ್ಥಾನದ ಗಂಧದ ಮರ ಹೆಚ್ಚಾಗಿ ಯುರೋಪಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧದಿಂದ ಆ ವ್ಯಾಪಾರ ಕುಸಿದು, ಮರ ಮಾರಾಟವಾಗದೆ ಉಳಿಯಿತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ತೆಗೆಯುವ ಕ್ರಮವನ್ನು ಪ್ರಯೋಗಶಾಲೆಯಲ್ಲಿ ಸಿದ್ಧಪಡಿಸಿದರು.

ಈ ಎಣ್ಣೆಯ ಮುಖ್ಯ ಘಟಕವಾದ ಸ್ಯಾಂಟಲಾಲ್ ಕುದಿಯಲು ಸುಮಾರು ೩೦೦ ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಅಷ್ಟು ಕಾಯಿಸಿದರೆ ಎಣ್ಣೆ ಕೆಡುತ್ತದೆ. ಆದುದರಿಂದ ಮರದ ಪುಡಿಯ ಮೂಲಕ ನೀರಿನ ಹಬೆಯನ್ನು ಹಾಯಿಸುತ್ತಾರೆ. ನೀರಾವಿಯ ಒತ್ತಡವೂ ಎಣ್ಣೆಯಾವಿಯ ಒತ್ತಡವೂ ಕೂಡಿ ವಾಯುಮಂಡಲದ ಒತ್ತಡಕ್ಕೆ ಸಮನಾದಾಗ, ೧೦೦ ಡಿಗ್ರಿಗಿಂತ ತುಸು ಕೆಳಗೇ ಎರಡೂ ಒಟ್ಟಿಗೆ ಹೊರಬರುತ್ತವೆ. ತಣ್ಣೀರು ಸುತ್ತಿ ಹರಿಯುವ ಕೊಳವೆಯಲ್ಲಿ ಆವಿ ದ್ರವವಾಗುತ್ತದೆ. ನೀರಿನಲ್ಲಿ ಬೆರೆಯದ, ಅದಕ್ಕಿಂತ ಹಗುರವಾದ ಎಣ್ಣೆ ಮೇಲೆ ತೇಲುತ್ತದೆ. ಅದನ್ನು ಬೇರ್ಪಡಿಸಿ, ಉಳಿದ ತೇವವನ್ನು ಜಲರಹಿತ ಸೋಡಿಯಂ ಸಲ್ಫೇಟಿನಿಂದ ಹೀರಿಸಿ ಸೋಸಬಹುದು. ಇನ್ನೂ ಶುದ್ಧವಾಗಬೇಕಾದರೆ ಒತ್ತಡವನ್ನು ತಗ್ಗಿಸಿ ಮತ್ತೊಮ್ಮೆ ಬಟ್ಟಿಯಿಳಿಸಬೇಕು.

೧೯೧೬ರಲ್ಲಿ ಬೆಂಗಳೂರಿನಲ್ಲಿಯೂ ೧೯೧೭ರಲ್ಲಿ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ತಲೆಯೆತ್ತಿದವು. ಮರವನ್ನು ಮಾರುತ್ತಿದ್ದ ನಾಡು ಎಣ್ಣೆಯನ್ನೇ ಮಾರತೊಡಗಿತು. ಬಳ್ಳಾರಿಯ ಶಾಲೆಯೊಂದರ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬ ನೀಲಗಿರಿಯ ಎಲೆಗಳಿಂದ ಎಣ್ಣೆ ತೆಗೆದರೂ ತತ್ತ್ವ ಇದೇ. ಆ ಚಿಕ್ಕ ಗಾಜಿನ ಪಾತ್ರೆಯಲ್ಲಿ ಕಲಿತದ್ದು ಒಂದು ನಾಡಿನ ಸಂಪತ್ತನ್ನು ಉಳಿಸಬಲ್ಲದು.