ಆರಡಿ ಆಳು, ಒಂದಿಂಚು ಲೆಕ್ಕ

ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ಹತ್ತಿರ ಬಂತೆಂದು ಯಲಹಂಕದವರಿಗೆ ಮೊದಲು ಗೊತ್ತಾಗುವುದು ಕೋಳಿ ಅಂಗಡಿಯ ಮುಂದೆ. ವಾಯುನೆಲೆಯ ಸುತ್ತಮುತ್ತ ಮಾಂಸ ಮಾರಕೂಡದೆಂದು ಪಾಲಿಕೆಯ ಆದೇಶ ಬಂದಿರುತ್ತದೆ. ಎಸೆದ ತ್ಯಾಜ್ಯಕ್ಕೆ ಹದ್ದುಗಳು ಎರಗಿ ವಿಮಾನಕ್ಕೆ ಅಡ್ಡ ಬಂದಾವೆಂಬ ಭಯ. ಆಮೇಲೆ ಸದ್ದು ಶುರು. ತಾಲೀಮಿನ ಜೆಟ್ಟೊಂದು ತಾರಸಿಯ ಮೇಲೆ ಹೊರಳಿತೆಂದರೆ ಕಿಟಕಿ ಗಾಜು ಗದಗುಡುತ್ತದೆ. ಅಂಥದೇ ಒಂದು ಹೊತ್ತಿನಲ್ಲಿ ನಾನು ಕಡಲೆಕಾಳಿನಷ್ಟು ದೊಡ್ಡ ಮುಂಚಕ್ರವನ್ನು ಚಿಮುಟದಲ್ಲಿ ಹಿಡಿದು ಕೂತಿದ್ದೆ. ಕೈ ಅದುರಿತು, ಚಕ್ರ ಚಿಮ್ಮಿತು. ಮರುದಿನವೂ ಮಂಚದ ಕೆಳಗೆ ಟಾರ್ಚು ಬಿಡುತ್ತಿದ್ದಾಗ ಅಮ್ಮ ಬಂದರು.

“ಏನೋ ಅದು ಹುಡುಕ್ತಿರೋದು?”

“ವಿಮಾನದ ಚಕ್ರ ಅಮ್ಮ.”

“ಬೆಳಿಗ್ಗೆ ಗುಡಿಸುವಾಗ ಬೂದು ಬಣ್ಣದ್ದೇನೋ ಮೊರಕ್ಕೆ ಬಂದಿತ್ತಪ್ಪ. ಕಸದ ಗಾಡಿ ಹೋಗಿ ಅರ್ಧ ಗಂಟೆ ಆಯ್ತು.”

ಪ್ಲಾಸ್ಟಿಕ್ ಮಾಡೆಲ್ ವಿಮಾನ ಕಟ್ಟುವವರಿಗೆಲ್ಲ ಇಂಥದೊಂದು ಕತೆ ಇದ್ದೇ ಇರುತ್ತದೆ. ಎನ್‌ಸಿಸಿ ವಾಯು ವಿಭಾಗದ ಹುಡುಗರು ಬಾಲ್ಸಾ ಮರ ಕೊಯ್ದು ಕಟ್ಟಿ ಹಾರಿಸುವುದು ಬೇರೆ ವಿದ್ಯೆ. ನಮ್ಮ ವಿಮಾನ ಹಾರುವುದಿಲ್ಲ, ಷೋಕೇಸಿನಲ್ಲಿ ಕೂರುತ್ತದೆ. ಅಸಲಿಯನ್ನು ಲೆಕ್ಕ ತಪ್ಪದಂತೆ ಕುಗ್ಗಿಸುವುದಷ್ಟೇ ಇಲ್ಲಿನ ಪಣ. ಹೆಚ್ಚು ಚಾಲ್ತಿಯಲ್ಲಿರುವ ಅಳತೆ 1:72. ಆರಡಿ ಎಂದರೆ 72 ಇಂಚು, ಹಾಗಾಗಿ ಆರಡಿ ಆಳು ಒಂದಿಂಚು. 1930ರ ದಶಕದಲ್ಲಿ ಇಂಗ್ಲೆಂಡಿನ ಮರದ ಕಿಟ್ಟುಗಳಿಂದ ರೂಢಿಗೆ ಬಂದ ಲೆಕ್ಕವಿದು. 1955ರಲ್ಲಿ ಏರ್‌ಫಿಕ್ಸ್ ಪ್ಲಾಸ್ಟಿಕ್ ಸ್ಪಿಟ್‌ಫೈರ್ ತಂದ ಮೇಲೆ ಗಟ್ಟಿಯಾಯಿತು. 1:48, 1:32ರ ಕಿಟ್ಟುಗಳೂ ಇವೆ. ಆದರೆ ನಮ್ಮ ಸುಖೋಯ್-30 ವಿಮಾನ 1:72ರಲ್ಲಿ ಶಾಲೆಯ ಸ್ಕೇಲಿನಷ್ಟು ಉದ್ದವಾದರೆ, 1:32ರಲ್ಲಿ ಎರಡೂಕಾಲು ಅಡಿ. ಆರ್.ಟಿ. ನಗರದ ಬಾಡಿಗೆ ಮನೆಯಲ್ಲಿ ಅದನ್ನಿಡಲು ಜಾಗವೆಲ್ಲಿ? ದೇವರಮನೆಯಲ್ಲಿ ಇಡಲಾದೀತೇ?

ಪೆಟ್ಟಿಗೆ ತೆರೆದರೆ ಸಿಗುವುದು ಪ್ಲಾಸ್ಟಿಕ್ ಚೌಕಟ್ಟುಗಳು. ಮಾವಿನ ತೊಟ್ಟಿಗೆ ಕಾಯಿ ಅಂಟಿದಂತೆ ಬಿಡಿಭಾಗಗಳು ಅವಕ್ಕೆ ಅಂಟಿಕೊಂಡಿರುತ್ತವೆ. ಕತ್ತರಿಸಿ, ಎಮರಿ ಪೇಪರಿನಲ್ಲಿ ಉಜ್ಜಿ, ಜೋಡಿಸಬೇಕು. ಇಲ್ಲಿ ಬಳಸುವ ದ್ರವ ಬರಿಯ ಅಂಟಲ್ಲ, ಎರಡೂ ಅಂಚನ್ನು ಕರಗಿಸಿ ಒಂದಾಗಿ ಬೆಸೆಯುವಂಥದ್ದು. ಕಾಕ್‌ಪಿಟ್ಟಿನ ಗಾಜಿಗೆ ಮಾತ್ರ ಆ ದ್ರವವೂ ಬೇಡ, ಸೂಪರ್ ಗ್ಲೂ ಅಂತೂ ಬೇಡವೇ ಬೇಡ. ಅದರ ಆವಿಗೆ ಪಾರದರ್ಶಕ ಭಾಗ ಪೊರೆ ಬಂದ ಕಣ್ಣಾಗುತ್ತದೆ. ಮೂತಿಯೊಳಗೆ ಭಾರ ಇಡುವುದನ್ನು ಮರೆತರೆ ವಿಮಾನ ಬಾಲ ಊರಿಕೊಂಡು ಕೂರುತ್ತದೆ. ಗಾಳಕ್ಕೆ ಕಟ್ಟುವ ಸೀಸದ ಗುಂಡು ಇದಕ್ಕೆ ಒಳ್ಳೆಯದು. ನಾನು ಮರೆತದ್ದು ಮೂರು ಸಲ. ಒಡಲು ಮುಚ್ಚಿ, ಬಣ್ಣ ಹೊಡೆದ ಮೇಲೆಯೇ ಅದು ನೆನಪಾಗುವುದು.

ಇಷ್ಟೆಲ್ಲ ಗೋಳಿನ ನಡುವೆ ನನಗೆ ಸುಖವೆಂದರೆ ಡೆಕಾಲ್, ಅಂದರೆ ನೀರಲ್ಲಿ ನೆನೆಸಿ ಕೂರಿಸುವ ಚಿತ್ರ, ಅಂಟಿಸುವ ಗಳಿಗೆ. ವಾಯುಪಡೆಯ ವೃತ್ತ: ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಕತ್ತರಿಸಿ ಉಗುರುಬೆಚ್ಚಗಿನ ನೀರಲ್ಲಿ ಬಿಟ್ಟರೆ ಕಾಗದ ಮೊದಲು ಸುರುಳಿ ಸುತ್ತುತ್ತದೆ, ಆಮೇಲೆ ತಾನೇ ಬಿಚ್ಚಿಕೊಳ್ಳುತ್ತದೆ. ಅರ್ಧ ನಿಮಿಷ ಕಾಯಬೇಕು. ಒದ್ದೆ ಬ್ರಷ್ಷಿನಿಂದ ನೂಕಿದರೆ ಹಾಲಿನ ಕೆನೆ ಸರಿದಂತೆ ವೃತ್ತ ರೆಕ್ಕೆಯ ಮೇಲೆ ಜಾರುತ್ತದೆ. ಅಲ್ಲಿಯವರೆಗೆ ಬೂದು ಪ್ಲಾಸ್ಟಿಕ್ಕಾಗಿದ್ದದ್ದು ಆ ಕ್ಷಣಕ್ಕೆ ನಮ್ಮ ವಿಮಾನವಾಗುತ್ತದೆ. ಆದರೆ ಅಡಿಯ ಬಣ್ಣ ಹೊಳಪಿನದೇ ಆಗಿರಬೇಕು. ಒರಟಾಗಿದ್ದರೆ ಡೆಕಾಲಿನ ಕೆಳಗೆ ಗಾಳಿ ಸಿಕ್ಕಿಕೊಂಡು ಬೆಳ್ಳಿಯಂತೆ ಮಿಂಚಿ ಗುಟ್ಟು ರಟ್ಟು ಮಾಡುತ್ತದೆ.

ಬಣ್ಣದ್ದು ಬೇರೆಯೇ ರಗಳೆ. ಬೇಗ ಹೊತ್ತಿಕೊಳ್ಳುವ ಥಿನ್ನರ್ ಇರುವ ಶೀಶೆಗಳನ್ನು ವಿಮಾನದಲ್ಲಿ ಕಳಿಸುವಂತಿಲ್ಲ. ವಿಮಾನದ ಬಣ್ಣಕ್ಕೇ ವಿಮಾನ ಹತ್ತುವ ಭಾಗ್ಯವಿಲ್ಲ! ಮಳೆಗಾಲದ ತೇವದಲ್ಲಿ ಲ್ಯಾಕರ್ ಹೊಡೆದರೆ ಬಿಳಿ ಬೂಷ್ಟು ಹಿಡಿದಂತಾಗುತ್ತದೆ. ಇನ್ನು ಯಾವ ವಿಮಾನ ಕಟ್ಟುವುದೆಂಬ ಮಾತು. 2025ರ ಏರೋ ಇಂಡಿಯಾಕ್ಕೆ ರಷ್ಯದ ಸು-57, ಅಮೆರಿಕದ ಎಫ್-35 ಎರಡೂ ಯಲಹಂಕಕ್ಕೆ ಬಂದ ಮೇಲೆ ಮಕ್ಕಳೆಲ್ಲ ಅವನ್ನೇ ಕೇಳುತ್ತಾರೆ. ನನ್ನ ಮಟ್ಟಿಗೆ ಎಫ್-35 ಬೇಜಾರಿನ ವಿಮಾನ, ಮೂತಿಯಿಂದ ಬಾಲದವರೆಗೆ ಒಂದೇ ಬೂದು. ಹೊಸಬರು ಪ್ರೊಪೆಲರ್ ಇರುವ ಸಣ್ಣ ವಿಮಾನದಿಂದ ಶುರು ಮಾಡಲಿ. ಭಾಗಗಳು ಕಡಿಮೆ, ಬಾಲಚಕ್ರದ್ದಾದರೆ ಮೂತಿಗೆ ಸೀಸವೂ ಬೇಡ. ತೊಡೆಯ ಮೇಲೆ ಬಿಳಿ ಪಂಚೆ ಹರಡಿಕೊಂಡರೆ ಬಿದ್ದದ್ದು ಮೊರಕ್ಕೆ ಹೋಗುವುದಿಲ್ಲ.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಬೇರೊಂದಕ್ಕೆ. ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ವಿನ್ಯಾಸಕ ಎರಡನೆಯ ಮಹಾಯುದ್ಧದ ಕಾಲಕ್ಕೆ ಮಾಡಿದ ಫಾಕೆ-ವುಲ್ಫ್ 190ರ ಕಿಟ್ಟು ಕೇಳಿದ ಅಳತೆಯಲ್ಲಿ ಸಿಗುತ್ತದೆ. ಅದೇ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ಎಚ್‌ಎಎಲ್‌ನವರ ಜತೆ ಎಚ್‌ಎಫ್-24 ಮಾರುತ್ ಯುದ್ಧವಿಮಾನ ರೂಪಿಸಿದರು. 1961ರ ಜೂನ್ 17ರಂದು ಪೈಲಟ್ ಸುರಂಜನ್ ದಾಸ್ ಅದನ್ನು ಇದೇ ಊರಿನ ಆಕಾಶಕ್ಕೆ ಏರಿಸಿದರು; 1970ರಲ್ಲಿ ಮಾರುತ್ ಹಾರಿಸುತ್ತಲೇ ತೀರಿಕೊಂಡರು. ಅವರ ಹೆಸರಿನ ರಸ್ತೆ ಹಳೇ ವಿಮಾನ ನಿಲ್ದಾಣದ ಬಳಿ ಇದೆ. ಒಟ್ಟು 147 ಮಾರುತ್‌ಗಳು ತಯಾರಾದವು, 1971ರ ಯುದ್ಧದಲ್ಲೂ ಹಾರಿದವು. ಆದರೂ ದೊಡ್ಡ ಕಂಪನಿಗಳ ಪಟ್ಟಿಯಲ್ಲಿ ಮಾರುತ್ ಕಿಟ್ಟನ್ನು ನಾನಂತೂ ಕಂಡಿಲ್ಲ. ನಮ್ಮೂರಲ್ಲೇ ಹುಟ್ಟಿದ ವಿಮಾನ ನಮ್ಮ ಷೋಕೇಸಿಗೆ ಬರಬೇಕಾದರೆ ಕೈಯಾರೆ ಕೊರೆಯಬೇಕು.

ಕೊರೆಯುತ್ತಿದ್ದೇನೆ. 1:72ರ ಲೆಕ್ಕದಲ್ಲಿ ಉದ್ದ 22 ಸೆಂಟಿಮೀಟರ್, ರೆಕ್ಕೆ ಹನ್ನೆರಡೂವರೆ. ಅವಳಿ ಎಂಜಿನ್ನಿನ ಬಾಯಿಗೆ ಹಳೇ ಬಾಲ್‌ಪೆನ್ನಿನ ಎರಡು ತುಂಡು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದಿನ ಮಾರುತ್ ಸುತ್ತ ಪ್ರದಕ್ಷಿಣೆ ಹಾಕಿ ಫೋಟೊ ಹಿಡಿದದ್ದಾಯಿತು, ಎಚ್‌ಎಎಲ್ ಮ್ಯೂಸಿಯಮ್ಮಿಗೂ ಹೋಗಿಬಂದದ್ದಾಯಿತು. ಹೊರಗಿನದೆಲ್ಲ ಸಿಕ್ಕಿತು. ಪೈಲಟ್ ಕೂರುವ ಜಾಗದ ಒಳಬಣ್ಣ ಮಾತ್ರ ಹೊರಗಿನಿಂದ ಸರಿಯಾಗಿ ಕಾಣದು. ನಿಮ್ಮ ಮನೆಯಲ್ಲಿ ಮಾರುತ್ ಮೇಲೆ ಕೆಲಸ ಮಾಡಿ ನಿವೃತ್ತರಾದ ತಾತ ಇದ್ದರೆ, ಟ್ರಂಕಿನಲ್ಲಿ ಆ ಕಾಲದ ಫೋಟೊ ಉಳಿದಿದ್ದರೆ, ದಯವಿಟ್ಟು ಹಳೇ ಪೇಪರಿನವನಿಗೆ ಹಾಕಬೇಡಿ. ತಾತನನ್ನು ಕೂರಿಸಿಕೊಂಡು ಒಂದೇ ಮಾತು ಕೇಳಿ, ಬರೆದಿಟ್ಟುಕೊಳ್ಳಿ: ಒಳಗಡೆ ಬಣ್ಣ ಯಾವುದಿತ್ತು?