ಬೆನ್ನುಹುರಿಗೆ ಪೆಟ್ಟಾದವರಿಗೆ ಮನೆಯ ಆರೈಕೆ



ಮಹಾಲಕ್ಷ್ಮಿ ಲೇಔಟ್‌ನಲ್ಲಿ ಮಹಡಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಒಬ್ಬರ ಮನೆಗೆ ನಾವು ಹೋಗಿದ್ದೆವು. ಆಪರೇಷನ್ ಆಗಿ ಮನೆಗೆ ಬಂದಿದ್ದರು. ಆದರೆ ಬೆನ್ನಿನ ಕೆಳಗೆ ಅಂಗೈ ಅಗಲದ ಹುಣ್ಣು! "ನೋವು ಅಂತ ಅವರು ಹೇಳಲೇ ಇಲ್ಲ ಸಿಸ್ಟರ್" ಎಂದು ಹೆಂಡತಿ ಅತ್ತರು. ಹೇಗೆ ಹೇಳಿಯಾರು? ಪೆಟ್ಟಾದ ಜಾಗದಿಂದ ಕೆಳಗಿನ ನೋವು ಮೆದುಳಿಗೆ ಮುಟ್ಟುವುದೇ ಇಲ್ಲ.

ಆದ್ದರಿಂದ ಮಲಗಿದವರನ್ನು ಎರಡು ಗಂಟೆಗೊಮ್ಮೆ, ರಾತ್ರಿ ಕೂಡ, ಮಗ್ಗುಲು ಬದಲಿಸಿ. ಎಳೆಯಬೇಡಿ, ಚರ್ಮ ಉಜ್ಜಿ ಕಿತ್ತುಬರುತ್ತದೆ. ದಿನಾ ಸೊಂಟ, ಹಿಮ್ಮಡಿ ನೋಡಿ. ಕೆಂಪಗೆ ಅಥವಾ ಕಪ್ಪಗೆ ಆಗಿ ಮಾಸದಿದ್ದರೆ ಆ ಕಡೆ ಭಾರ ಬೀಳಬಾರದು. ಬಿಸಿನೀರಿನ ಶಾಖ ಬೇಡವೇ ಬೇಡ, ಸುಟ್ಟರೂ ಅವರಿಗೆ ಗೊತ್ತಾಗದು. ಜ್ವರ ಬಂದು ಮೂತ್ರ ಕದಡಿದ್ದರೆ ಕೂಡಲೇ ಡಾಕ್ಟರಿಗೆ ತೋರಿಸಿ.

ಎಣ್ಣೆ ತಿಕ್ಕಿದರೆ ನರ ಕೂಡುತ್ತದೆ ಎನ್ನುವವರಿಗೆ ಸಂಘದ ಸಾಲ ತೆಗೆದು ಕೊಡಬೇಡಿ. ಫಿಜಿಯೋಥೆರಪಿಯೂ ಹರಿದ ನರವನ್ನು ಹೊಲಿಯುವುದಿಲ್ಲ. ಕೀಲು ಬಿಗಿಯದಂತೆ ಕಾಯುತ್ತದೆ, ತೋಳಿಗೆ ಬಲ ಕೊಡುತ್ತದೆ, ಮಂಚದಿಂದ ಗಾಲಿಕುರ್ಚಿಗೆ ತಾವೇ ಸರಿಯುವುದನ್ನು ಕಲಿಸುತ್ತದೆ. ಇದೇನು ಸಣ್ಣದಲ್ಲ, ಮತ್ತೆ ದುಡಿಮೆಗೆ ಹೋದವರಿದ್ದಾರೆ. ನಿಮ್ಹಾನ್ಸ್‌ನಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವಿದೆ. ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಎ.ಪಿ.ಡಿ. ಸಂಸ್ಥೆಯೂ ತರಬೇತಿ ಕೊಡುತ್ತದೆ. ಅವರೂ ಗಾಲಿಕುರ್ಚಿಯಲ್ಲೇ ಓಡಾಡಿದವರು.

ಆ ಹೆಂಡತಿ ಎಷ್ಟೋ ರಾತ್ರಿ ಸರಿಯಾಗಿ ಮಲಗಿರಲಿಲ್ಲ. ಈಗ ಅವರ ಸಂಘದವರು ಸರದಿ ಹಾಕಿಕೊಂಡು ಮಧ್ಯಾಹ್ನ ಎರಡು ಗಂಟೆ ಕೂರುತ್ತಾರೆ, ಅವರು ಮಲಗುತ್ತಾರೆ.