ಬರೆದ ಬಟ್ಟೆ: ಕಲಂಕಾರಿ ಮತ್ತು ಬಾಟಿಕ್

ಗೋಲ್ಕೊಂಡದ ಕುತುಬ್ ಶಾಹಿ ಅರಸರ ಕಾಲದಲ್ಲಿ ಮಚಲೀಪಟ್ಟಣದ ಬಂದರಿನಿಂದ ಹಡಗೇರಿದ ಕಲಂಕಾರಿ ವಸ್ತ್ರಗಳನ್ನು ಜಾವಾದ ಬಾಟಿಕ್ಕಿನೊಡನೆ ಒಂದೇ ವರ್ಗಕ್ಕೆ ಸೇರಿಸಿ ಹೇಳುವುದುಂಟು. ಈ ವರ್ಗೀಕರಣವು ಅನುಕೂಲಕರವೇ ಹೊರತು ನಿಖರವಲ್ಲವೆಂದು ನಮ್ಮ ಅಭಿಪ್ರಾಯ.

ಎರಡರ ಹೆಸರಿನಲ್ಲಿಯೂ ಬರವಣಿಗೆಯಿರುವುದು ನಿಜ. ಪಾರಸಿ ಮೂಲದ 'ಕಲಂಕಾರಿ' ಪದಕ್ಕೆ ಲೇಖನಿಯ ಕೆಲಸವೆಂದು ಅರ್ಥ. ಜಾವಾದಲ್ಲಿ ಕೈಯಿಂದ ಬರೆದ ವಸ್ತ್ರ 'ಬಾಟಿಕ್ ತುಲಿಸ್'. ತುಲಿಸ್ ಎಂದರೆ ಬರಹ. ಕನ್ನಡದ 'ಬರೆ' ಧಾತುವೂ ಅಕ್ಷರಕ್ಕೂ ಚಿತ್ರಕ್ಕೂ ಸಲ್ಲುವುದರಿಂದ ನಮಗೆ ಈ ಪ್ರಯೋಗಗಳು ಅಪರಿಚಿತವೆನಿಸವು. ಆದರೆ ಲೇಖನಿಯು ಏನನ್ನು ಬರೆಯುತ್ತದೆ ಎಂಬಲ್ಲಿ ಇವೆರಡೂ ಬೇರೆಯಾಗುತ್ತವೆ.

ಕಲಂಕಾರಿಯಲ್ಲಿ ಬಟ್ಟೆಯನ್ನು ಮೊದಲು ಅಳಲೆಕಾಯಿ ಮತ್ತು ಎಮ್ಮೆಯ ಹಾಲಿನಲ್ಲಿ ನೆನೆಸುತ್ತಾರೆ. ಹಾಲಿನ ಜಿಡ್ಡಿನಿಂದಾಗಿ ಗೆರೆ ಹರಡುವುದಿಲ್ಲ. ಬಿದಿರಿನ ಕಲಮಿನಲ್ಲಿ ತುಂಬುವ ದ್ರವವು ಬೆಲ್ಲದ ನೀರಿನಲ್ಲಿ ಕಬ್ಬಿಣವನ್ನು ಹುಳಿಬರಿಸಿ ಮಾಡಿದುದು. ಅಳಲೆಯ ಒಗರು ತಾಗಿದೊಡನೆ ಅದು ಕಪ್ಪಾಗುತ್ತದೆ. ಕೆಂಪು ಬೇಕಾದೆಡೆ ಪಟಿಕದ ನೀರನ್ನು ಬಳಿದು, ಬಳಿಕ ಬಣ್ಣದ ಬೇರಿನೊಡನೆ ಬಟ್ಟೆಯನ್ನು ಕುದಿಸುತ್ತಾರೆ. ಪಟಿಕ ತಾಗಿದ ಕಡೆ ಮಾತ್ರ ಕೆಂಪು ಗಟ್ಟಿಯಾಗಿ ನಿಲ್ಲುತ್ತದೆ. ಹಳೆಯ ರಫ್ತು ವಸ್ತ್ರಗಳಲ್ಲಿ ಮೇಣಕ್ಕೂ ಸ್ಥಾನವಿತ್ತು, ಆದರೆ ಮುಖ್ಯವಾಗಿ ನೀಲಿಯ ತೊಟ್ಟಿಗೆ ಅದ್ದುವ ಮುನ್ನ ಉಳಿದ ಭಾಗವನ್ನು ಕಾಯುವುದಕ್ಕಾಗಿ.

ಬಾಟಿಕ್ಕಿನಲ್ಲಿ ಮೇಣವೇ ಸರ್ವಸ್ವ. 'ಚಾಂಟಿಂಗ್' ಎಂಬ ತಾಮ್ರದ ಸಣ್ಣ ಮೂತಿಯ ಸಾಧನದಿಂದ ಕಾದ ಮೇಣವನ್ನು ಎಳೆಯುತ್ತಾರೆ. ಅದು ಬಿದ್ದಲ್ಲಿ ಬಣ್ಣ ಹತ್ತುವುದಿಲ್ಲ. ಅಂದರೆ ಕಲಂಕಾರಿಯ ಕುಶಲಿಯು ಬಣ್ಣ ನಿಲ್ಲುವ ಜಾಗವನ್ನು ಬರೆದರೆ ಜಾವಾದ ಹೆಂಗಸು ಬಣ್ಣ ಬಾರದ ಜಾಗವನ್ನು ಬರೆಯುತ್ತಾಳೆ. ಒಳ್ಳೆಯ ಬಾಟಿಕ್ಕಿನಲ್ಲಿ ಎರಡೂ ಮೈಗೆ ಮೇಣ ಬರೆಯುವುದರಿಂದ ಹಿಂಬದಿಯೂ ಸ್ಪಷ್ಟ; ಕಲಂಕಾರಿಯ ಹಿಂಬದಿ ಸಾಮಾನ್ಯವಾಗಿ ಮಂಕು. ವಸ್ತ್ರವನ್ನು ಗುರುತಿಸುವವರು ಮೊದಲು ಮಗುಚಿ ನೋಡುವುದು ಕ್ಷೇಮ.

ವಿನ್ಯಾಸಗಳ ವಿಷಯ ಇನ್ನೂ ತೊಡಕಿನದು. ಓರೆಸಾಲುಗಳ 'ಪರಂಗ್' ಜಾವಾದ ಅರಮನೆಗಳಲ್ಲಿ ರಾಜವಂಶಕ್ಕೆ ಮೀಸಲಾಗಿತ್ತು. 'ಜ್ಲಾಂಪ್ರಾಂಗ್' ಗುಜರಾತಿನ ಪಟೋಲದಿಂದ ಹೋದದ್ದು. ಪ್ರಭಾವ ಒಮ್ಮುಖವಾದುದೆಂದು ಮಾತ್ರ ತಿಳಿಯಬಾರದು. ಅಂಚಿನ ತ್ರಿಕೋನಗಳ 'ತುಂಪಾಲ್' ವಿನ್ಯಾಸವನ್ನು ಕೋರಮಂಡಲದ ಕುಶಲಿಗಳು ಆ ದ್ವೀಪಗಳ ಗಿರಾಕಿಗಳಿಗೆಂದೇ ಬಿಡಿಸಿದರು. 17ನೆಯ ಶತಮಾನದಲ್ಲಿ ಡಚ್ಚರು ಇಂತಹ ಬಟ್ಟೆ ಕೊಟ್ಟೇ ಅಲ್ಲಿ ಸಾಂಬಾರ ಪದಾರ್ಥಗಳನ್ನು ಕೊಳ್ಳುತ್ತಿದ್ದರು.

ಇಂದು ಮಚಲೀಪಟ್ಟಣ, ಪೆಡನಗಳಲ್ಲಿ ಮರದ ಅಚ್ಚೇ ಪ್ರಧಾನ. ಕಲಮು ಉಳಿದಿರುವುದು ಶ್ರೀಕಾಳಹಸ್ತಿಯಲ್ಲಿ. ಅಲ್ಲಿನ ರಾಮಾಯಣದ ಪಟಗಳಲ್ಲಿ ಚಿತ್ರದ ಸಾಲುಗಳ ನಡುವೆ ತೆಲುಗಿನ ವಿವರಣೆಯನ್ನೂ ಬರೆದಿರುತ್ತಾರೆ.